ಮೈ ಮುಟ್ಟದೆ ಹೊಲಿದ ಮದುವೆಯ ಉಡುಪು

ಗುಳೇದಗುಡ್ಡದ ಸಿಂಪಿಗರ ಸಿದ್ರಾಮಪ್ಪ ಅಮೆರಿಕಕ್ಕೆ ಬಂದದ್ದು ಹೆಂಡತಿಯ ಬೆನ್ನು ಹತ್ತಿ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ದಾನವ್ವನಿಗೆ ಎಪ್ಪತ್ತೈದನೆಯ ಇಸವಿಯಲ್ಲಿ ಸ್ಯಾನ್ ಮಟಿಯೋ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳು ಮುಂದೆ ಹೋದಳು. ಎರಡು ವರ್ಷದ ಮೇಲೆ ಮಗಳು ಪ್ರಭಾಳನ್ನು ಕರೆದುಕೊಂಡು, ಟ್ರಂಕಿನ ತಳದಲ್ಲಿ ಅಪ್ಪನ ಕತ್ತರಿಯನ್ನು ಹಳೆಯ ಧೋತರದಲ್ಲಿ ಸುತ್ತಿಟ್ಟುಕೊಂಡು, ಇವನು ಹಿಂದಿನಿಂದ ಬಂದ.

ಅಲ್ಲಿನ ಕನ್ನಡದವರು ಆಗ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಬಹುಪಾಲು ಎಂಜಿನಿಯರುಗಳು, ಮಿಕ್ಕವರು ಡಾಕ್ಟರುಗಳು. ಬೆಂಗಳೂರಿನಿಂದ ಹೊಸದಾಗಿ ಬಂದವರು ಚಿತ್ರಾನ್ನದ ತಟ್ಟೆ ಹಿಡಿದು ಹತ್ತಿರ ಬಂದು, ಯಾವ ಕಂಪನಿ ಸಾರ್ ಎಂದು ಕೇಳಿದರೆ ಸಿದ್ರಾಮಪ್ಪ ಮುಖ ಒಂದಿಷ್ಟೂ ಸಡಿಲಿಸದೆ, ಪ್ಯಾಂಟಿನ ಕಾಲು ಗಿಡ್ಡ ಮಾಡುವ ಕಂಪನಿ ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ಆ ಮಾತು ಅಕ್ಷರಶಃ ನಿಜವಾಗಿತ್ತು, ಮತ್ತು ಅದೇ ಅವನ ಸಂಕಟವಾಗಿತ್ತು.

ಅವನು ಕೆಲಸ ಮಾಡುತ್ತಿದ್ದದ್ದು ಮಿಸೆಸ್ ಫರ್ಟಾಡೊ ಎಂಬಾಕೆಯ ಅಂಗಡಿಯಲ್ಲಿ. ಮುಂದೆ ಬಟ್ಟೆ ಒಗೆಸಿಕೊಳ್ಳುವವರ ಕೌಂಟರು, ಹಿಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು. ಒಂದು ಮಿಷನ್ನು ಹೆಂಗಸರ ಬಟ್ಟೆಯದು, ಅದಕ್ಕೆ ಒಬ್ಬ ಮುದುಕಿ ಕೂರುತ್ತಿದ್ದಳು. ಇನ್ನೊಂದು ಇವನದು. ಪ್ಯಾಂಟು, ಕೋಟಿನ ಅಸ್ತರು, ಕೆಟ್ಟುಹೋದ ಜಿಪ್ಪು, ಇಷ್ಟರಲ್ಲೇ ಅವನ ಆರು ವರ್ಷ ಕಳೆದಿತ್ತು. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ರವಿಕೆ, ಅವರ ಮಾತಿನಲ್ಲಿ ಕುಬಸ, ಹೊಲಿದರೆ ಬಾಗಲಕೋಟೆಯಿಂದ ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಿದ್ದ ಕೈ ಅದು.

ತಪ್ಪು ಅವನದೇ. ಕೆಲಸಕ್ಕೆ ಸೇರಿದ ಮೊದಲ ವಾರ ಮಿಸೆಸ್ ಫರ್ಟಾಡೊ ಒಬ್ಬ ಗಿರಾಕಿಯನ್ನು ಅವನ ಮುಂದೆ ನಿಲ್ಲಿಸಿ, ಸೊಂಟದ ಅಳತೆ ತಗೋ ಎಂದಳು. ಆ ಹೆಂಗಸು ಎರಡೂ ಕೈ ಅಗಲಿಸಿ ಆರಾಮಾಗಿ ನಿಂತಳು. ಸಿದ್ರಾಮಪ್ಪನಿಗೆ ಪರ ಹೆಂಗಸನ್ನು ಮುಟ್ಟಿ ಅಭ್ಯಾಸವಿರಲಿಲ್ಲ. ಕಡೆಗೆ ಅವಳ ಸುತ್ತ ಒಂದು ಗೇಣು ದೂರದಲ್ಲಿ ಟೇಪನ್ನು ಗಾಳಿಯಲ್ಲೇ ಹಿಡಿದು, ಅಂದಾಜಿನ ಮೇಲೆ ಒಂದು ಲೆಕ್ಕ ಬರೆದುಕೊಂಡ. ಹೊಲಿದುಕೊಟ್ಟ ಸ್ಕರ್ಟು ಆಕೆಯ ಸೊಂಟದಲ್ಲಿ ನಿಲ್ಲದೆ ಕೌಂಟರಿನ ಮುಂದೆಯೇ ಜಾರಿತು. ಅಂದಿನಿಂದ ಅವನಿಗೆ ಪ್ಯಾಂಟುಗಳೇ ಗತಿ.

ಅವನಿಗೆ ಹೆಂಗಸರ ಅಳತೆ ಗೊತ್ತಿರಲಿಲ್ಲವೆಂದು ತಿಳಿಯಬಾರದು. ಅವರಪ್ಪನ ಅಂಗಡಿಯಲ್ಲಿ ಟೇಪು ಇದ್ದದ್ದು ಬಟ್ಟೆಗೆ, ಮನುಷ್ಯರಿಗಲ್ಲ. ಹೆಣ್ಣುಮಕ್ಕಳು ಚೆನ್ನಾಗಿ ಕೂಡುವ ಒಂದು ಹಳೆಯ ಕುಬಸ ತಂದು ಕಟ್ಟೆಯ ಮೇಲಿಟ್ಟು, ಇದರಂಗ ಹೊಲೀರಿ ಅಂದು ಹೋಗುತ್ತಿದ್ದರು. ಅದು ಅಳತೆಯ ಕುಬಸ. ಅಪ್ಪ ಅದನ್ನು ತಿರುವಿ ಹಾಕಿ, ಎಲ್ಲಿ ಬಣ್ಣ ಮಾಸಿದೆ, ಎಲ್ಲಿ ನೂಲು ಸೆಳೆದಿದೆ, ಯಾವ ತೋಳು ಹೆಚ್ಚು ಸವೆದಿದೆ ಎಂದು ನೋಡುತ್ತಿದ್ದ. ಮೈ ನಿಂತಾಗ ಒಂದು ಅಳತೆ ಹೇಳುತ್ತದೆ, ಬಟ್ಟೆ ಆರು ತಿಂಗಳ ಅಳತೆ ಹೇಳುತ್ತದೆ ಎಂಬುದು ಅವನ ವಾದ. ಹೆಣ್ಣು ನೋಡಲು ದಾನವ್ವನ ಮನೆಗೆ ಹೋಗುವ ಮೊದಲೇ ಸಿದ್ರಾಮಪ್ಪನಿಗೆ ಅವಳ ಅಳತೆಯ ಕುಬಸ ಸಿಕ್ಕಿತ್ತು. ಈ ಹುಡುಗಿಯ ಎಡ ಭುಜ ಒಂದೆಳೆ ಇಳಿದಿದೆ, ದಿನಾ ನೀರು ಹೊರುತ್ತಾಳೆ, ಮೈಗಳ್ಳಿಯಲ್ಲ ಎಂದು ಅವನು ಅದನ್ನು ನೋಡಿಯೇ ಒಪ್ಪಿಬಿಟ್ಟಿದ್ದ. ಮುಖ ನೋಡಿದ್ದು ಆಮೇಲೆ.

ಎಂಬತ್ನಾಲ್ಕನೆಯ ಇಸವಿಯ ಮೇ ತಿಂಗಳ ಕಡೆಗೆ ಆ ಮುದುಕಿ ಮೆಟ್ಟಿಲಿನಿಂದ ಜಾರಿ ಮಣಿಕಟ್ಟು ಮುರಿದುಕೊಂಡಳು. ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದಳು. ಮಿಸೆಸ್ ಫರ್ಟಾಡೊ ಕೆಟ್ಟವಳಲ್ಲ. ಆದರೆ ಇಬ್ಬರನ್ನು ಇಟ್ಟುಕೊಳ್ಳುವ ಕಾಲ ಮುಗಿಯಿತು, ಗಂಡಸರದ್ದೂ ಹೆಂಗಸರದ್ದೂ ಮಾಡಬಲ್ಲ ಒಬ್ಬರು ಸಾಕು, ಅದು ನೀನಾಗುತ್ತೀಯೋ ಇನ್ನೊಬ್ಬರಾಗುತ್ತಾರೋ ಈ ತಿಂಗಳು ನೋಡೋಣ ಎಂದು ಮುಖ ಕೆಳಗೆ ಹಾಕಿಕೊಂಡು ಹೇಳಿದಳು. ಸಿದ್ರಾಮಪ್ಪನಿಗೆ ಆಗ ನಲವತ್ತಾರು. ಆ ವಯಸ್ಸಿನಲ್ಲಿ ಹೆಂಡತಿಯ ಗಳಿಕೆಯ ಮೇಲೆ ಮನೆಯಲ್ಲಿ ಕೂತು ಟೀವಿ ನೋಡುವುದನ್ನು ನೆನೆದರೇ ಅವನಿಗೆ ಅನ್ನ ಇಳಿಯಲಿಲ್ಲ.

ಮೂರನೆಯ ದಿನವೇ ಪರೀಕ್ಷೆ ಬಾಗಿಲಿಗೆ ಬಂತು. ಮಿಸೆಸ್ ಆಡ್ಲರ್ ಎಂಬ ಯಹೂದಿ ಹೆಂಗಸು, ಅವಳ ಮಗಳು ತಿರ್ಜಾ. ಮಗಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಅಜ್ಜಿ ಜೋಪಾನವಾಗಿಟ್ಟಿದ್ದ ಕೆನೆಬಣ್ಣದ ಸ್ಯಾಟಿನ್ ಬಟ್ಟೆಯನ್ನು ಮುದುಕಿಯ ಕೈಗೆ ಯಾವಾಗಲೋ ಒಪ್ಪಿಸಿದ್ದರು, ಅಳತೆ ಕೊಡಲು ಈಗ ಬಂದಿದ್ದರು. ಬಟ್ಟೆ ಕಪಾಟಿನಲ್ಲಿ ಕತ್ತರಿ ಕಾಣದೆ ಹಾಗೆಯೇ ಇತ್ತು. ಮಿಸೆಸ್ ಫರ್ಟಾಡೊ ಸಿದ್ರಾಮಪ್ಪನ ಕಡೆ ಬೆರಳು ತೋರಿಸಿ, ಈತ ಹೊಲಿಯುತ್ತಾನೆ ಎಂದು ಧೈರ್ಯ ಮಾಡಿ ಹೇಳಿದಳು. ತಿರ್ಜಾ ಒಂದು ಹೆಜ್ಜೆ ಹಿಂದೆ ಸರಿದು, ಕ್ಷಮಿಸಿ, ಗಂಡಸರು ನನ್ನ ಅಳತೆ ತೆಗೆದುಕೊಳ್ಳುವ ಹಾಗಿಲ್ಲ ಎಂದಳು.

ತಾಯಿ ವಿವರಿಸಿದಳು. ತಮ್ಮ ಧರ್ಮದ ಕಟ್ಟಳೆಯಲ್ಲಿ ಗಂಡ, ಹೆತ್ತವರು, ಮಕ್ಕಳು ಇಂಥ ಹತ್ತಿರದವರನ್ನು ಬಿಟ್ಟರೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಕೈ ಕೂಡ ಕುಲುಕುವುದಿಲ್ಲ. ಕೆಲಸದಲ್ಲಿ ಮುಳುಗಿದ ಕುಶಲಕರ್ಮಿಯ ಮನಸ್ಸು ಕೆಲಸದ ಮೇಲೇ ಇರುವುದರಿಂದ ಅವನಿಗೆ ಸ್ವಲ್ಪ ರಿಯಾಯಿತಿ ಇದೆ ಎನ್ನುವ ಪಂಡಿತರೂ ಇದ್ದಾರೆ. ಆದರೆ ಮಗಳು ಆ ರಿಯಾಯಿತಿ ತನಗೆ ಬೇಡವೆಂದು ತೀರ್ಮಾನಿಸಿದ್ದಾಳೆ. ನಿಶ್ಚಯವಾಗಿ ಆರು ತಿಂಗಳಾದರೂ ಮದುವೆಯಾಗುವ ಹುಡುಗನ ಬೆರಳನ್ನು ಕೂಡ ಅವಳು ಮುಟ್ಟಿಲ್ಲ. ತಾಯಿಯೇ ಅಳೆಯೋಣವೆಂದರೆ, ಹಿಂದೊಮ್ಮೆ ಮನೆಯಲ್ಲಿ ಟೇಪು ಹಿಡಿದು ನೋಡಿದ್ದಳು. ಮೂರು ಸಲ ಅಳೆದಾಗ ಮೂರು ಲೆಕ್ಕ ಬಂದಿತ್ತು, ಮಿಸೆಸ್ ಫರ್ಟಾಡೊಗಂತೂ ಟೇಪಿನ ಕೆಲಸ ಬಾರದು. ಇಷ್ಟು ಹೇಳಿ ತಾಯಿ ಬಟ್ಟೆ ವಾಪಸು ಕೇಳಲು ಕೈ ನೀಡಿದಳು.

ಕೌಂಟರಿನ ಹಿಂದೆ ನಿಂತಿದ್ದ ಸಿದ್ರಾಮಪ್ಪನ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಅರ್ಥವಾಗಬೇಕಾದದ್ದೆಲ್ಲ ಅರ್ಥವಾಯಿತು. ಏಳು ಸಮುದ್ರದ ಆಚೆ, ಎಲ್ಲಿಯೋ ಹುಟ್ಟಿದ ಈ ಹುಡುಗಿಯ ಕಟ್ಟಳೆ ತನ್ನ ಅಪ್ಪನ ಅಂಗಡಿಯ ಕಟ್ಟಳೆಯೇ. ಆರು ವರ್ಷದಿಂದ ತನ್ನ ದಡ್ಡತನವೆಂದು ಎಲ್ಲರೂ ನಕ್ಕದ್ದನ್ನು ಇವಳು ತಲೆಯೆತ್ತಿ, ಹೆಮ್ಮೆಯಿಂದ ಹೇಳುತ್ತಿದ್ದಾಳೆ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಮುಂದೆ ಬಂದು ಹೇಳಿದ:

“ನೋ ಟಚ್, ಮೇಡಮ್. ಓಲ್ಡ್ ಡ್ರೆಸ್. ಗುಡ್ ಫಿಟ್. ಯು ಬ್ರಿಂಗ್, ಐ ಸ್ಟಿಚ್.”

ಮಿಸೆಸ್ ಫರ್ಟಾಡೊ ಹಣೆ ಒತ್ತಿಕೊಂಡಳು. ಗಾಳಿಯಲ್ಲಿ ಅಳೆದ ಸ್ಕರ್ಟು ಅವಳಿಗಿನ್ನೂ ಮರೆತಿರಲಿಲ್ಲ. ತಿರ್ಜಾ ಮಾತ್ರ ಮೊದಲ ಸಲ ನಕ್ಕಳು. ಮಾರನೆಯ ದಿನ ಒಂದು ನೀಲಿ ಉಡುಪು ತಂದು, ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಸಿದ್ರಾಮಪ್ಪ ಅದನ್ನು ತಿರುವಿ ಹಾಕಿ ಕಾಲು ಗಂಟೆ ಒಂದೊಂದೇ ಹೊಲಿಗೆ ನೋಡಿದ. ಆಮೇಲೆ ತಲೆಯೆತ್ತದೆ, ನೀವು ಬರೆಯುವುದು ಎಡಗೈಯಲ್ಲಿ, ಚೀಲ ಹಾಕುವುದು ಬಲ ಭುಜಕ್ಕೆ, ಕೂತಾಗ ಎಡಮೊಣಕೈ ಊರುತ್ತೀರಿ, ಈ ವರ್ಷ ಸ್ವಲ್ಪ ಸಣ್ಣಗಾಗಿದ್ದೀರಿ ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ. ತಾಯಿ ಮಗಳು ಬಾಯಿಬಿಟ್ಟು ನಿಂತರು. ಮಿಸೆಸ್ ಫರ್ಟಾಡೊ ತನ್ನ ಹಳೆಯ ಕೋಟೊಂದನ್ನು ಮೆಲ್ಲಗೆ ಅವನ ಕಣ್ಣಿಗೆ ಬೀಳದ ಹಾಗೆ ಸರಿಸಿದಳು.

ಎಂಟು ದಿನ ಅವನಿಗೆ ಹಬ್ಬ. ಅಪ್ಪನ ಕತ್ತರಿ ಹೊರಗೆ ಬಂತು. ಕೊರಳು ಮೇಲಕ್ಕೆ, ತೋಳು ಮಣಿಕಟ್ಟಿನವರೆಗೆ, ನೆರಿಗೆ ಪಾದದವರೆಗೆ, ಎಲ್ಲವೂ ಅವರು ಹೇಳಿದ ಹಾಗೆಯೇ. ಮಿಷನ್ನಿನ ಸದ್ದಿಗೆ ಅವನು ಗುನುಗುವುದನ್ನು ಮಿಸೆಸ್ ಫರ್ಟಾಡೊ ಮೊದಲ ಬಾರಿ ಕೇಳಿದಳು. ಮನೆಗೆ ಬಂದರೂ ಅದೇ ಮಾತು. ಊಟಕ್ಕೆ ಕೂತಾಗ ದಾನವ್ವ, ನನ್ನ ಕಡೆ ಒಂದು ಸಲ ನೋಡ್ರಿ, ನಾನೂ ಒಂದು ಕಾಲಕ್ಕೆ ಮದುಮಗಳೇ ಆಗಿದ್ದೆ ಎಂದು ಕಾಲೆಳೆದಳು. ಕಾಲೇಜಿಗೆಂದು ಡೇವಿಸ್‌ನಲ್ಲಿದ್ದ ಪ್ರಭಾ ಫೋನು ಮಾಡಿದಾಗ ಅಪ್ಪ ಹದಿನೈದು ನಿಮಿಷ ಸ್ಯಾಟಿನ್ನಿನ ಬಗ್ಗೆ ಮಾತಾಡಿದ. ಮಗಳು ಕಡೆಯವರೆಗೂ ಓಕೆ ಅಪ್ಪಾ, ಓಕೆ ಅಪ್ಪಾ ಅನ್ನುತ್ತಿದ್ದಳು.

ಒಂಬತ್ತನೆಯ ದಿನ ಹಾಕಿ ನೋಡುವುದು. ಗುಂಡುಸೂಜಿ ಚುಚ್ಚಲು ಹೆಣ್ಣಿನ ಕೈ ಬೇಕೆಂದು ದಾನವ್ವ ರಜೆ ಹಾಕಿ ಬಂದಳು. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಮಂದಿಯನ್ನು ಎತ್ತಿ, ಹೊರಳಿಸಿ, ಒರೆಸುವ ಕೈ ಅವಳದು. ತಾಯಿ, ಮಗಳು, ದಾನವ್ವ ಮೂವರೂ ಪರದೆಯ ಹಿಂದೆ ಹೋದರು. ಸಿದ್ರಾಮಪ್ಪ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತ. ಒಳಗಿನಿಂದ ಮೊದಲು ಒಂದು ಉದ್ಗಾರ ಬಂತು, ಆಮೇಲೆ ತಾಯಿ ಅಳು ತಡೆದು ಮೂಗು ಏರಿಸಿಕೊಂಡ ಸದ್ದು ಬಂತು.

ಪರದೆ ಸರಿಯಿತು. ತಿರ್ಜಾ ನಿಂತಿದ್ದಳು. ಉಡುಪು ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ತುಂಬಾ ಚೆನ್ನಾಗಿದೆ ಎಂದು ಅವಳೇ ಹೇಳಿದಳು. ಹೇಳಿ, ಎರಡೂ ಕೈ ಮೇಲೆತ್ತಲು ನೋಡಿದಳು. ಕೈ ಎದೆಯವರೆಗೆ ಬಂದು ನಿಂತುಬಿಟ್ಟವು. ಇನ್ನೊಂದಿಷ್ಟು ಜಗ್ಗಿದ್ದರೆ ಹೊಲಿಗೆ ಬಿಡುತ್ತಿತ್ತು.

“ಕುಣಿಯುವುದು ಹೇಗೆ?” ಎಂದಳು.

ಸಿದ್ರಾಮಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮದುಮಗಳು ಕುಣಿಯುವುದೆಂದರೇನು? ಅವನು ಕಂಡ ಮದುಮಗಳು ತಲೆ ಬಗ್ಗಿಸಿ ಮಣೆಯ ಮೇಲೆ ಕೂರುವವಳು. ಕೂರುವವಳಿಗೆ ತಕ್ಕ ಹಾಗೆ ಅವನು ಹೊಲಿದಿದ್ದ. ಮಿಸೆಸ್ ಆಡ್ಲರ್ ಕೈಬಾಯಿ ಸನ್ನೆ ಮಾಡಿ ತಿಳಿಸಿದಳು. ತಮ್ಮ ಮದುವೆಯಲ್ಲಿ ಗಂಡಸರು ಬೇರೆ, ಹೆಂಗಸರು ಬೇರೆ, ನಡುವೆ ಪರದೆ. ಎರಡೂ ಕಡೆ ಗಂಟೆಗಟ್ಟಲೆ ಕುಣಿತ. ಕಡೆಗೆ ಮದುಮಕ್ಕಳನ್ನು ಕುರ್ಚಿ ಸಮೇತ ಮೇಲೆತ್ತುತ್ತಾರೆ, ಹುಡುಗ ಆಚೆಯಿಂದ ಕರವಸ್ತ್ರದ ತುದಿ ಚಾಚುತ್ತಾನೆ, ಹುಡುಗಿ ಈಚೆಯಿಂದ ಕೈ ಎತ್ತಿ ಹಿಡಿಯಬೇಕು. ಇದನ್ನೆಲ್ಲ ಕೇಳಿ ಮಿಸೆಸ್ ಫರ್ಟಾಡೊ ಕೌಂಟರಿಗೆ ಹೋಗಿ ಬಟ್ಟೆಯ ಚೀಟಿಗಳನ್ನು ಸುಮ್ಮನೆ ಎತ್ತಿ ಎತ್ತಿ ಇಟ್ಟಳು.

ತಾಯಿ ಮಗಳು ಹೋದ ಮೇಲೆ ಸಿದ್ರಾಮಪ್ಪ ಮಿಷನ್ನಿನ ಮುಂದೆ ಕುಸಿದು ಕೂತ. ಇನ್ನು ಮೂರೇ ದಿನ. ದಾನವ್ವ ಸೂಜಿಡಬ್ಬಿ ಮುಚ್ಚುತ್ತ ನಗಲು ಶುರುಮಾಡಿದಳು.

“ಏನ್ರಿ, ನಮ್ಮ ಮದುವ್ಯಾಗ ನಾ ಅಕ್ಕಿಕಾಳು ನಿಮ್ಮ ತಲಿ ಮ್ಯಾಲ ಹಾಕಲಿಲ್ಲ, ಎದಿ ಮ್ಯಾಲ ಒಗದೆ. ನೆನಪೈತೇನು?”

“ಐತಿ. ಹುಡಿಗಿಗೆ ಭಾಳ ನಾಚಿಗಿ ಅಂತ ನಮ್ಮವ್ವ ಎಲ್ಲಾರ ಮುಂದ ಹೇಳಿ ಹೇಳಿ ಸುಸ್ತಾದ್ಲು.”

“ನಾಚಿಗಿ ಎಲ್ಲೀದ್ರಿ. ನೀವು ಹೊಲದ ಕುಬಸದಾಗ ಕೈ ಮ್ಯಾಲ ಏಳಲಿಲ್ಲ.”

ಸಿದ್ರಾಮಪ್ಪ ಅವಳನ್ನೇ ನೋಡಿದ. ಇಪ್ಪತ್ತು ವರ್ಷದ ಹಿಂದಿನ ಹಸಿರು ಖಣದ ಕುಬಸ ಅವನ ಕಣ್ಣಮುಂದೆ ಬಂತು. ತಾನು ಜೀವ ಸುರಿದು ಹೊಲಿದದ್ದು, ನೋಡಿದವರೆಲ್ಲ ಹೊಗಳಿದ್ದು.

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಅಷ್ಟು ಚಂದ ಹೊಲದೋರ ಮುಂದ ಹೆಂಗ ಹೇಳ್ಲಿ?” ಅಂದಳು ದಾನವ್ವ.

ಅವನಿಗೆ ನಗು ಬಂತು, ಅಳುವೂ ಬಂತು. ಎರಡರ ನಡುವೆ ಹುಚ್ಚಮ್ಮ ನೆನಪಾದಳು. ಗುಳೇದಗುಡ್ಡದಲ್ಲಿ ಮೊಸರಿನ ಗಡಿಗೆ ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದ ಹುಚ್ಚಮ್ಮ ಒಂದು ದಿನ ಹರಿದ ಕುಬಸವನ್ನು ಅಪ್ಪನ ಮುಂದೆ ಒಗೆದು, ಗಡಿಗಿ ಹಿಡಿಯೋ ಕೈ ಕೆಳಗಿಟ್ಟರ ನಿನ್ನ ತಲಿ ಮ್ಯಾಲ ಮೊಸರು ಬೀಳತೈತಿ ನೋಡು ಎಂದು ಬೈದಿದ್ದಳು. ಅಪ್ಪ ನಕ್ಕು, ಕಂಕುಳಲ್ಲಿ ಹೊಲಿಗೆ ಬಿಚ್ಚಿ, ಅಂಗೈಯಗಲದ ಚೌಕದ ತುಂಡೊಂದನ್ನು ಮೂಲೆ ಮೇಲಾಗಿ ತಿರುಗಿಸಿ ಕೂಡಿಸಿಕೊಟ್ಟಿದ್ದ. ಕೈ ಇಳಿಸಿದರೆ ಆ ತುಂಡು ಮಡಚಿಕೊಂಡು ಕಾಣುವುದೇ ಇಲ್ಲ, ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಅಂದಿನಿಂದ ಹೊರೆ ಹೊರುವ ಹೆಂಗಸರಿಗೆಲ್ಲ ಅಂಗಡಿಯಲ್ಲಿ ಅದೇ ರೂಢಿ. ಮದುಮಗಳಿಗೆ ಮಾತ್ರ ಅದು ಬೇಕೆಂದು ಅಪ್ಪನಿಗೂ ತೋಚಲಿಲ್ಲ, ಮಗನಿಗೂ ತೋಚಲಿಲ್ಲ.

ಉಳಿದ ಸ್ಯಾಟಿನ್ನಿನಲ್ಲಿ ಎರಡು ಚೌಕ ಸಿಕ್ಕವು. ಅವನು ಅಭ್ಯಾಸದಂತೆ ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದರಿಂದ ಭುಜದ ಹಿಂದೆಯೂ ಅರ್ಧರ್ಧ ಇಂಚು ಬಿಡಿಸಿದ. ಮಿಷನ್ನಿಗೆ ನಂಬಿಕೆ ಸಾಲದೆ ಎರಡೂ ತುಂಡನ್ನು ಕೈಯಲ್ಲೇ ಹೊಲಿದ. ಮದುವೆಯ ಹಿಂದಿನ ಶುಕ್ರವಾರ ಮಧ್ಯಾಹ್ನ ತಾಯಿ ಬಂದು, ಸೂರ್ಯ ಮುಳುಗಿದರೆ ತಮ್ಮ ಸಬ್ಬತ್ತಿನ ವಿರಾಮ ಶುರುವಾಗುತ್ತದೆ, ನಿಲ್ಲಲು ಸಮಯವಿಲ್ಲ ಎಂದು ಉಡುಪು ಎತ್ತಿಕೊಂಡು ಓಡಿದಳು. ಇನ್ನೊಮ್ಮೆ ಹಾಕಿ ನೋಡುವುದಕ್ಕೂ ಆಗಲಿಲ್ಲ. ಹೋಗುವಾಗ ಸಿದ್ರಾಮಪ್ಪ, ದಾನವ್ವ, ಮಿಸೆಸ್ ಫರ್ಟಾಡೊ ಮೂವರಿಗೂ ಮದುವೆಯ ಕರೆಯೋಲೆ ಕೊಟ್ಟುಹೋದಳು.

ಆ ಮದುವೆಗೆ ಹೊರಟ ಭಾನುವಾರ ಸಿದ್ರಾಮಪ್ಪ ಕೊಲ್ಲಿಯ ಸೇತುವೆ ದಾಟುವವರೆಗೆ ತಲೆಯ ಟೊಪ್ಪಿಗೆಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. ಎಮರಿವಿಲ್‌ನ ಗೋದಾಮುಗಳ ಪಕ್ಕ ಫ್ರೀವೇಯಲ್ಲಿ ಹೋಗುವಾಗ, ತೋಳು ಹರಿದರೆ ಮುನ್ನೂರು ಮಂದಿಯ ಮುಂದೆ ಆ ಹುಡುಗಿಯ ಮಾನ ಹೋಗುತ್ತದೆ, ತನ್ನ ಕೆಲಸ ಹೋದರೆ ಹೋಗಲಿ ಎಂದು ಒಂದೇ ಸಲ ಹೇಳಿದ. ಕಾರು ಓಡಿಸುತ್ತಿದ್ದ ದಾನವ್ವ ಹಸಿರು ಖಣದ ಕುಬಸ ತೊಟ್ಟಿದ್ದಳು. ಅದೇ ಇಪ್ಪತ್ತು ವರ್ಷದ ಕುಬಸ. ಒಳಗೆ ಬಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ, ಕಂಕುಳಿಗೆ ಚೌಕ ಕೊಟ್ಟು, ಹಿಂದಿನ ದಿನ ಸಂಜೆ ಅವನು ಅದನ್ನೂ ಸರಿಮಾಡಿಕೊಟ್ಟಿದ್ದ.

ಬರ್ಕ್ಲಿಯ ಮದುವೆ ಹಾಲಿನ ಬಾಗಿಲ ಬಳಿ ಗಂಡಸರಿಗೆಲ್ಲ ಪುಟ್ಟ ಟೊಪ್ಪಿಗೆ ಹಂಚುತ್ತಿದ್ದರು. ಸಿದ್ರಾಮಪ್ಪನ ತಲೆಯ ಮೇಲಿನ ಬಿಳಿ ಗಾಂಧಿ ಟೊಪ್ಪಿಗೆ ನೋಡಿ, ಇವರು ತಮ್ಮದನ್ನೇ ತಂದಿದ್ದಾರೆ ಎಂದು ಗೌರವದಿಂದ ಒಳಗೆ ಬಿಟ್ಟರು. ಚಪ್ಪರದಡಿ ಉಂಗುರ ತೊಡಿಸಿದ್ದಾಯಿತು, ಗಾಜಿನ ಲೋಟ ಕಾಲಲ್ಲಿ ಒಡೆದದ್ದಾಯಿತು. ಗಂಡ ಹೆಂಡಿರಾದ ಆ ಇಬ್ಬರು ಮೊದಲ ಸಲ ಕೈ ಕೈ ಹಿಡಿದು ಹೊರಗೆ ನಡೆದಾಗ ಅವನು ಆ ಕೈಗಳನ್ನೇ ನೋಡಿದ. ಆ ಹಿಡಿತದಲ್ಲಿದ್ದ ಅಂಜಿಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಧಾರೆಯ ನೀರಿನಡಿ ದಾನವ್ವನ ಕೈ ಸಿಕ್ಕಾಗ ಅವನೂ ಹಾಗೆಯೇ ಹಿಡಿದಿದ್ದ.

ಮುಂದೆ ಕುಣಿತ. ಹಾಲಿನ ನಡುವೆ ಆಳೆತ್ತರದ ಬಟ್ಟೆಯ ಪರದೆ. ದಾನವ್ವ, ಮಿಸೆಸ್ ಫರ್ಟಾಡೊ ಆಚೆ, ಇವನು ಈಚೆ. ತಾನು ಹೊಲಿದ ತೋಳು ಏನಾಗುತ್ತಿದೆಯೆಂದು ಒಂದಿಷ್ಟೂ ಕಾಣದು. ಪರದೆಯಾಚೆ ಹೆಂಗಸರ ಹಾಡು, ಚಪ್ಪಾಳೆ, ಕೂಗು. ಪ್ರತಿ ಕೂಗಿಗೂ ಅವನಿಗೆ ಬಟ್ಟೆ ಹರಿದ ಸದ್ದೇ ಕೇಳಿದಂತಾಗುತ್ತಿತ್ತು. ಗೋಡೆಗೆ ಅಂಟಿಕೊಂಡು ನಿಂತಿದ್ದವನನ್ನು ಹುಡುಗನ ಸೋದರಮಾವನೊಬ್ಬ ಬಂದು ಕೈ ಹಿಡಿದು ಎಳೆದ. ಇನ್ನೊಬ್ಬ ಮತ್ತೊಂದು ಕೈ ಹಿಡಿದ. ವೃತ್ತ ತಿರುಗತೊಡಗಿತು. ಹೆಸರು ಗೊತ್ತಿಲ್ಲದ ಇಬ್ಬರು ದಡೂತಿ ಗಂಡಸರ ನಡುವೆ ಸಿದ್ರಾಮಪ್ಪನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಇನ್ನು ಮುಂದೆ ಅಂಗಡಿಯಲ್ಲಿ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮರುದಿನವೇ ಮಿಸೆಸ್ ಫರ್ಟಾಡೊ ಹೆಂಗಸರ ಮಿಷನ್ನನ್ನು ಅವನ ಮೇಜಿಗೆ ಜೋಡಿಸಿದಳು. ಚೆನ್ನಾಗಿ ಕೂಡುವ ಒಂದು ಉಡುಪು ತನ್ನಿ, ಅಳತೆಗೆ ಅಷ್ಟೇ ಸಾಕು ಎಂದು ಬರೆದ ಹಲಗೆ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಬೇರೆ ದರ್ಜಿಯ ಮಾತು ಅಲ್ಲಿಗೇ ನಿಂತಿತು, ಮತ್ತು ಆಕೆಯ ಹಳೆಯ ಕೋಟೂ ಒಂದು ದಿನ ತಾನಾಗಿ ಅವನ ಮುಂದೆ ಬಂತು.

ಆದರೆ ಅದು ಸೋಮವಾರದ ಮಾತು. ಭಾನುವಾರ ಮೂರೂವರೆ ಗಂಟೆಗೆ ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಈಚೆ ಗಂಡಸರು ಹುಡುಗನನ್ನು ಕುರ್ಚಿ ಸಮೇತ ಎತ್ತಿದರು. ಹುಡುಗ ಒಂದು ಕೈಯಲ್ಲಿ ಕುರ್ಚಿ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಕರವಸ್ತ್ರ ಬೀಸಿದ. ಆಚೆ ಪರದೆಯ ಮೇಲೆ ಮೊದಲು ತಿರ್ಜಾಳ ತಲೆ ಬಂತು, ಭುಜ ಬಂತು, ಕುರ್ಚಿ ವಾಲಾಡಿತು. ಕರವಸ್ತ್ರ ಒಂದು ಮೊಳ ದೂರ ಉಳಿಯಿತು. ಅವಳು ಎಡಗೈ ಚಾಚಿದಳು. ಮೊಣಕೈ ಭುಜದ ಮೇಲೆ ಹೋಯಿತು, ಕೈ ಕಿವಿಯ ಮೇಲೆ ಹೋಯಿತು, ಕೆನೆಬಣ್ಣದ ತೋಳು ಪೂರಾ ಎತ್ತರಕ್ಕೆ ಎದ್ದಿತು. ಕಂಕುಳಿನ ಚೌಕ ಮೆಲ್ಲಗೆ ಬಿಚ್ಚಿಕೊಂಡಿತು. ಒಂದೆಳೆ ನೂಲು ಬಿಡಲಿಲ್ಲ. ಕರವಸ್ತ್ರದ ತುದಿ ಅವಳ ಕೈಗೆ ಸಿಕ್ಕಿತು, ಇಡೀ ಹಾಲೇ ಕೂಗಿತು.

ಅವಳ ಕುರ್ಚಿಯ ಹಿಂದುಗಡೆ ಪರದೆಯ ಮೇಲಕ್ಕೆ ಇನ್ನೊಂದು ಕೈಯೂ ಎದ್ದಿತ್ತು. ರೋಗಿಗಳನ್ನು ಎತ್ತಿ ಪಳಗಿದ ಕೈ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಮೊಣಕೈಯವರೆಗೆ ಜಾರಿದ ಹಸಿರು ಬಳೆ, ಅದರ ಕೆಳಗೆ ಹಸಿರು ಖಣದ ತೋಳು, ಕೆಂಪು ಅಂಚು. ಮದುವೆಯ ದಿನ ಅಕ್ಕಿಕಾಳು ಹಾಕಲು ಏಳದಿದ್ದ ಆ ಕೈ ಈಗ ನೆಟ್ಟಗೆ ಮೇಲೆ ನಿಂತಿತ್ತು.

ಸಿದ್ರಾಮಪ್ಪನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳೋಣವೆಂದರೆ ಎಡಗೈ ಸೋದರಮಾವನ ಹತ್ತಿರ ಇತ್ತು, ಬಲಗೈ ಇನ್ನೊಬ್ಬನ ಹತ್ತಿರ ಇತ್ತು, ಇಬ್ಬರೂ ಬಿಡುವವರಲ್ಲ. ಒರೆಸಿಕೊಳ್ಳದೆಯೇ ಕುಣಿದ.